ಉಚಿತ ಪ್ರಯಾಣದ ಬೆಲೆ

ಹಣವೆಂದರೆ ಪೆಟ್ಟಿಗೆಯಲ್ಲಿರುವ ನಾಣ್ಯ, ನೋಟುಗಳು ಮಾತ್ರವೆಂದು ಭಾವಿಸುತ್ತಿದ್ದ ಕಾಲ ಹಿಂದಾಯಿತು. ಹಣದಂತೆ ಕೆಲಸಮಾಡುವ, ಆದರೆ ಹಣವೆಂಬ ಹೆಸರಿಲ್ಲದ ಹಲವು ವಸ್ತುಗಳು ಇಂದು ಗೃಹಸ್ಥನ ಬಳಿ ಸಂಗ್ರಹವಾಗುತ್ತವೆ. ವಿಮಾನ ಸಂಸ್ಥೆಗಳು ತಮ್ಮಲ್ಲಿ ಮತ್ತೆ ಮತ್ತೆ ಪ್ರಯಾಣಿಸುವವರ ಖಾತೆಗೆ ಜಮೆ ಮಾಡುವ ‘ಮೈಲು’ಗಳು ಅಂಥವುಗಳಲ್ಲಿ ಒಂದು. ಮುಂದಿನ ಪ್ರಯಾಣಕ್ಕೆ ನಗದು ಕೊಟ್ಟು ಟಿಕೆಟ್ಟು ಕೊಳ್ಳಬೇಕೆ, ಕೂಡಿಟ್ಟ ಮೈಲುಗಳನ್ನು ವ್ಯಯಿಸಬೇಕೆ ಎಂಬುದು ಮೇಲ್ನೋಟಕ್ಕೆ ಕೇವಲ ಲೆಕ್ಕದ ಪ್ರಶ್ನೆ. ಒಳಹೊಕ್ಕು ನೋಡಿದರೆ ಅದು ಒಡೆತನದ ಪ್ರಶ್ನೆ. ಆದ್ದರಿಂದ ನೀತಿಯ ಪ್ರಶ್ನೆಯೂ ಹೌದು.

ಈ ಪದ್ಧತಿಯ ಹುಟ್ಟನ್ನು ಅರಿಯುವುದು ಪ್ರಯೋಜನಕರ. ಅಮೆರಿಕದಲ್ಲಿ 1978ರ ಕಾನೂನಿನಿಂದ ವಿಮಾನ ದರಗಳ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲವಾಗಿ ಸಂಸ್ಥೆಗಳ ನಡುವೆ ತೀವ್ರ ಪೈಪೋಟಿ ಏರ್ಪಟ್ಟಿತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಪ್ರಯಾಣಿಕನು ಕ್ರಮಿಸಿದ ದೂರವನ್ನು ಅವನ ಖಾತೆಗೆ ಬರೆದುಕೊಂಡು, ಅದು ಗೊತ್ತಾದ ಪ್ರಮಾಣವನ್ನು ಮುಟ್ಟಿದಾಗ ಟಿಕೆಟ್ಟು ನೀಡುವ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಏರ್‌ಲೈನ್ಸ್ ಅದನ್ನು ಅನುಸರಿಸಿತು. 1990ರ ದಶಕದಲ್ಲಿ ಭಾರತದ ಸಂಸ್ಥೆಗಳೂ ಇದೇ ಮಾರ್ಗವನ್ನು ಹಿಡಿದವು. ಈಗ ಬ್ಯಾಂಕುಗಳು ವಿಮಾನ ಸಂಸ್ಥೆಗಳಿಂದ ಮೈಲುಗಳನ್ನು ಬೆಲೆಗೆ ಕೊಂಡು, ತಮ್ಮ ಕ್ರೆಡಿಟ್ ಕಾರ್ಡಿನ ಮೂಲಕ ವೆಚ್ಚ ಮಾಡಿದವರಿಗೆ ಹಂಚುತ್ತವೆ. ಇವು ದಾನವಲ್ಲವೆಂಬುದು ಇದರಿಂದ ಸ್ಪಷ್ಟ. ಟಿಕೆಟ್ಟಿನ ದರದಲ್ಲಿಯೋ, ಅಂಗಡಿಯವನು ಬ್ಯಾಂಕಿಗೆ ತೆರುವ ಶುಲ್ಕದಲ್ಲಿಯೋ ಅವುಗಳ ಬೆಲೆಯನ್ನು ಯಾರೋ ಮೊದಲೇ ತೆತ್ತಿರುತ್ತಾರೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಒಂದು ಬಸದಿಯ ಟ್ರಸ್ಟಿಗೆ ಗೌರವ ಕಾರ್ಯದರ್ಶಿಯಾಗಿರುವ ಗೃಹಸ್ಥನೊಬ್ಬನಿದ್ದಾನೆ. ಅವನ ವೃದ್ಧ ತಾಯಿಗೆ ಸಮ್ಮೇದ ಶಿಖರ್ಜಿಯ ದರ್ಶನ ಮಾಡಬೇಕೆಂಬ ಬಹುಕಾಲದ ಹಂಬಲ. ರೈಲಿನ ದೀರ್ಘ ಪ್ರಯಾಣವನ್ನು ಆಕೆಯ ದೇಹ ತಾಳದು. ಆದ್ದರಿಂದ ರಾಂಚಿಯವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬೆಟ್ಟದ ಬುಡದ ಮಧುಬನಕ್ಕೆ ಕಾರಿನಲ್ಲಿ ತಲುಪುವುದೆಂದು ನಿಶ್ಚಯವಾಗಿದೆ. ಇಬ್ಬರೂ ಹೋಗಿಬರಲು ವಿಮಾನದ ನಗದು ದರ 32,000 ರೂಪಾಯಿ. ಮೈಲುಗಳಲ್ಲಾದರೆ 40,000 ಮೈಲು, ಜೊತೆಗೆ ತೆರಿಗೆ ಮತ್ತು ಶುಲ್ಕಗಳಿಗೆಂದು 6,000 ರೂಪಾಯಿ. ಅವನ ಖಾತೆಯಲ್ಲಿ ಸರಿಯಾಗಿ 40,000 ಮೈಲುಗಳಿವೆ.

ಲೆಕ್ಕವು ಸರಳವಾದುದು. ನಗದು ದರದಿಂದ, ಹೇಗೂ ತೆರಬೇಕಾದ 6,000 ರೂಪಾಯಿಯನ್ನು ಕಳೆದರೆ 26,000 ಉಳಿಯುತ್ತದೆ. ಅದನ್ನು 40,000ದಿಂದ ಭಾಗಿಸಿದರೆ ಒಂದು ಮೈಲಿಗೆ 65 ಪೈಸೆ ದೊರೆತಂತಾಯಿತು. ನಗದಿನ ಟಿಕೆಟ್ಟಿಗೆ ಹೊಸ ಮೈಲುಗಳು ಸೇರುತ್ತವೆ, ಮೈಲಿನ ಟಿಕೆಟ್ಟಿಗೆ ಸಾಮಾನ್ಯವಾಗಿ ಸೇರುವುದಿಲ್ಲ. ಅಷ್ಟನ್ನು ಕಳೆದರೆ ಬೆಲೆ ತುಸು ಇಳಿಯುತ್ತದೆ. ಹೀಗೆ ಬಂದ ಬೆಲೆಯು ಆ ಮೈಲುಗಳಿಂದ ಬೇರೆ ಪ್ರಯಾಣದಲ್ಲಿ ದೊರೆಯಬಹುದಾದುದಕ್ಕಿಂತ ಹೆಚ್ಚಿದ್ದರೆ ಮೈಲು, ಕಡಿಮೆಯಿದ್ದರೆ ನಗದು. ವ್ಯವಹಾರದ ಸೂತ್ರ ಇಷ್ಟೇ.

ಈ ಸೂತ್ರವನ್ನು ಬಲ್ಲವರೂ ಎರಡು ಕಡೆ ಎಡವುತ್ತಾರೆ. ಕೆಲವರು ಮೈಲುಗಳನ್ನು ಉಚಿತವೆಂದು ತಿಳಿದು, ನಗದು ಕೊಟ್ಟು ಎಂದೂ ಕೈಗೊಳ್ಳದ ಪ್ರಯಾಣವನ್ನು ಅವುಗಳಿಂದ ಕೈಗೊಳ್ಳುತ್ತಾರೆ. ಮತ್ತೆ ಕೆಲವರು ಇನ್ನೂ ಉತ್ತಮ ಸಂದರ್ಭ ಬರಲೆಂದು ಕೂಡಿಡುತ್ತಲೇ ಹೋಗುತ್ತಾರೆ. ಎರಡನೆಯದು ಪರಿಗ್ರಹದ ಒಂದು ವಿಚಿತ್ರ ರೂಪ. ಮೈಲಿಗೆ ಬಡ್ಡಿಯಿಲ್ಲ, ಅನೇಕ ಯೋಜನೆಗಳಲ್ಲಿ ಅದಕ್ಕೆ ಅವಧಿಯ ಮಿತಿಯೂ ಉಂಟು. ಒಂದು ಟಿಕೆಟ್ಟಿಗೆ ಎಷ್ಟು ಮೈಲುಗಳೆಂಬುದನ್ನು ಸಂಸ್ಥೆಯು ತನ್ನ ಇಚ್ಛೆಯಂತೆ ಏರಿಸಬಲ್ಲದು. ಬೆಂಗಳೂರಿನಲ್ಲಿ ನೆಲೆಯಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ, ಅದರ ಮೈಲುಗಳನ್ನು ಜೋಪಾನವಾಗಿ ಕಾದಿಟ್ಟವರಿಗೆ ಹತ್ತಲು ವಿಮಾನವೇ ಇಲ್ಲವಾಯಿತು. ಈ ಎರಡೂ ತಪ್ಪುಗಳಿಗೆ ಔಷಧ ಒಂದೇ: ಮೈಲನ್ನು ಹಣವೆಂದೇ ಎಣಿಸುವುದು. ಇಷ್ಟು ರೂಪಾಯಿಯನ್ನು ಈ ಕಾರ್ಯಕ್ಕೆ ವ್ಯಯಿಸುತ್ತಿದ್ದೆನೆ ಎಂದು ತನ್ನನ್ನು ತಾನು ಕೇಳಿಕೊಂಡು, ಹೌದೆಂದಾದರೆ ಬಳಸುವುದು. ತಾಯಿಯ ತೀರ್ಥಯಾತ್ರೆಯ ಬಗ್ಗೆ ಆ ಮಗನ ಉತ್ತರ ನಿಸ್ಸಂದೇಹವಾಗಿ ಹೌದು.

ಆದರೆ ಮೈಲು ಹಣವೇ ಆದಮೇಲೆ ಅದು ಯಾರ ಹಣ? ಅವನ ಖಾತೆಯಲ್ಲಿರುವ 40,000ದಲ್ಲಿ 12,000 ಮಾತ್ರ ಸ್ವಂತ ಪ್ರಯಾಣಗಳಿಂದ ಬಂದುವು. ಉಳಿದ 28,000ದಲ್ಲಿ ಕೆಲವು, ಟ್ರಸ್ಟಿನ ಕೆಲಸಕ್ಕಾಗಿ ಟ್ರಸ್ಟಿನ ವೆಚ್ಚದಲ್ಲಿ ದೆಹಲಿಗೆ ಹೋಗಿಬಂದುದರಿಂದ ಸೇರಿದುವು. ಹೆಚ್ಚಿನವು ಬಸದಿಯ ಜೀರ್ಣೋದ್ಧಾರದ ಸಿಮೆಂಟು, ಕಲ್ಲುಗಳ ಬಿಲ್ಲನ್ನು ತನ್ನ ಕಾರ್ಡಿನಲ್ಲಿ ಪಾವತಿಸಿ, ಆ ಹಣವನ್ನು ಟ್ರಸ್ಟಿನಿಂದ ಮರಳಿ ಪಡೆದುದರಿಂದ ಬಂದುವು. 65 ಪೈಸೆಯಂತೆ ಅವುಗಳ ಬೆಲೆ 18,200 ರೂಪಾಯಿ. ಭಂಡಾರದಿಂದ ಇಷ್ಟು ನಗದನ್ನು ತೆಗೆದುಕೊಂಡು ತಾಯಿಯನ್ನು ಯಾತ್ರೆಗೆ ಕರೆದೊಯ್ಯುವುದನ್ನು ಆತ ಕನಸಿನಲ್ಲಿಯೂ ಎಣಿಸಲಾರ.

ಆತನ ಪಕ್ಷದಲ್ಲಿಯೂ ನ್ಯಾಯವಾದ ಮಾತುಗಳಿವೆ. ಮೈಲುಗಳನ್ನು ಸಂಸ್ಥೆಯು ಪ್ರಯಾಣಿಕನ ಹೆಸರಿಗೇ ಕೊಡುತ್ತದೆ. ಆತ ಸಂಬಳವಿಲ್ಲದೆ ದುಡಿದಿದ್ದಾನೆ. ರಾತ್ರಿ ಪ್ರಯಾಣದ ಶ್ರಮ ಅವನದು. ಅವನು ಪಡೆಯದಿದ್ದರೆ ಟ್ರಸ್ಟಿಗೇನೂ ಅವು ತಾವಾಗಿ ಬರುತ್ತಿರಲಿಲ್ಲ. ಇಲ್ಲಿ ಕೊನೆಯ ಮಾತನ್ನು ಪರೀಕ್ಷಿಸಬೇಕು. ಯಾರಿಗೂ ನಷ್ಟವಾಗದಿದ್ದರೆ ದೋಷವಿಲ್ಲವೆಂಬ ನಂಬಿಕೆ ಅದರಲ್ಲಿದೆ. ಅದತ್ತಾದಾನವೆಂಬ ಪದವು ನಷ್ಟದ ಮಾತನ್ನೇ ಎತ್ತುವುದಿಲ್ಲ. ಕೊಟ್ಟಿದ್ದಾರೆಯೆ ಎಂಬುದಷ್ಟೇ ಅದರ ಪ್ರಶ್ನೆ. ಇಷ್ಟಕ್ಕೂ ನಷ್ಟವು ಇಲ್ಲದೆಯೂ ಇಲ್ಲ. ತನ್ನ ಮೈಲುಗಳು ಸೇರುವ ವಿಮಾನದ ಟಿಕೆಟ್ಟು ಮತ್ತೊಂದಕ್ಕಿಂತ 1,500 ರೂಪಾಯಿ ಹೆಚ್ಚಾಗಿದ್ದ ದಿನ ಆತ ಯಾವುದನ್ನು ಕೊಂಡ? ನೇರವಾಗಿ ಬ್ಯಾಂಕಿನಿಂದ ಪಾವತಿಸಿದರೆ ವರ್ತಕನು ಒಂದಿಷ್ಟು ರಿಯಾಯಿತಿ ಕೊಡಲು ಸಿದ್ಧನಿದ್ದಾಗ ಆತ ಕಾರ್ಡನ್ನೇ ಮುಂದೆ ಮಾಡಿದನೆ? ವೆಚ್ಚ ಒಬ್ಬರದು, ಆಯ್ಕೆ ಮತ್ತೊಬ್ಬನದು, ಬಹುಮಾನ ಆಯ್ಕೆ ಮಾಡಿದವನಿಗೆ: ಈ ಏರ್ಪಾಡಿನಲ್ಲಿ ಸಜ್ಜನನ ವಿವೇಚನೆಯೂ ಅವನಿಗೆ ಅರಿವಿಲ್ಲದಂತೆಯೇ ಒಂದು ಕಡೆಗೆ ವಾಲುತ್ತದೆ.

ಸರ್ಕಾರಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಅಧಿಕೃತ ಪ್ರಯಾಣದಿಂದ ಬಂದ ಮೈಲುಗಳನ್ನು ಅಧಿಕೃತ ಪ್ರಯಾಣಕ್ಕೇ ಬಳಸಬೇಕು, ಖಾಸಗಿಯಾಗಿ ಬಳಸಿದರೆ ಇಲಾಖಾ ಕ್ರಮಕ್ಕೆ ಗುರಿಯಾಗಬೇಕು ಎಂದು ಭಾರತದ ಹಣಕಾಸು ಸಚಿವಾಲಯವು 2008ರಲ್ಲಿ ಸರ್ಕಾರಿ ನೌಕರರಿಗೆ ವಿಧಿಸಿತು. ಸಂಸತ್ ಸದಸ್ಯನಾಗಿದ್ದಾಗ ಗಳಿಸಿದ ಮೈಲುಗಳನ್ನು ಸ್ವಂತಕ್ಕೆ ಬಳಸಿದುದಕ್ಕಾಗಿ ಜರ್ಮನಿಯ ನಾಯಕ ಗ್ರೆಗೊರ್ ಗೀಸಿ 2002ರ ಜುಲೈಯಲ್ಲಿ ಬರ್ಲಿನ್ ರಾಜ್ಯದ ಸಚಿವಪದವಿಯನ್ನೇ ತ್ಯಜಿಸಿದರು. ಅಮೆರಿಕವಾದರೋ ಮೊದಲು ಇಂಥ ಮೈಲುಗಳು ಸರ್ಕಾರದ ಸ್ವತ್ತೆಂದು ಎಣಿಸಿ, 2001ರ ಡಿಸೆಂಬರಿನ ಕಾನೂನಿನಿಂದ ಅವುಗಳನ್ನು ನೌಕರರಿಗೇ ಬಿಟ್ಟುಕೊಟ್ಟಿತು. ತೀರ್ಪುಗಳು ಬೇರೆ ಬೇರೆಯಾದರೂ ಅವುಗಳ ತಳಹದಿ ಒಂದೇ. ಬಿಟ್ಟುಕೊಡುವ ಅಧಿಕಾರವು ವೆಚ್ಚ ಭರಿಸಿದವರದು. ಅವರು ಬಹಿರಂಗವಾಗಿ ಬಿಟ್ಟುಕೊಟ್ಟ ಮೇಲೆ ಪಡೆದವನಿಗೆ ಕಳಂಕವಿಲ್ಲ.

ಟ್ರಸ್ಟುಗಳು ಇದನ್ನು ಸುಲಭವಾಗಿ ಅನುಷ್ಠಾನಕ್ಕೆ ತರಬಹುದು. ಟ್ರಸ್ಟಿನ ವೆಚ್ಚದಿಂದ ಬಂದ ಮೈಲುಗಳನ್ನು ಮುಂದಿನ ಕಾರ್ಯಪ್ರಯಾಣಕ್ಕೆ ಬಳಸಬೇಕೆ, ಸೇವೆಗೈದವರಿಗೇ ಬಿಡಬೇಕೆ ಎಂಬುದನ್ನು ನಡಾವಳಿಯಲ್ಲಿ ಬರೆದಿಟ್ಟರೆ ಸಾಕು. ದೊಡ್ಡ ಬಿಲ್ಲುಗಳನ್ನು ಯಾರ ಸ್ವಂತ ಕಾರ್ಡಿನಿಂದಲೂ ಪಾವತಿಸದೆ ಟ್ರಸ್ಟಿನ ಖಾತೆಯಿಂದಲೇ ಕೊಡುವುದು ಇನ್ನೂ ಮೇಲು. ಅಂಥ ನಿರ್ಣಯವಿಲ್ಲದ ಕಡೆ ಕಾರ್ಯದರ್ಶಿಯೇ ಸಭೆಯಲ್ಲಿ ವಿಷಯವನ್ನು ಎತ್ತುವುದು ಧರ್ಮ. ತನಗೆ ಲಾಭವಾಗುವ ವಿಷಯವಾದುದರಿಂದ, ನಿರ್ಣಯದ ವೇಳೆ ಆತ ಹೊರಗಿರುವುದು ಸಮಂಜಸ.

ಅಲ್ಲಿಯವರೆಗೆ ಆ ಮಗನು ಮಾಡಬಹುದಾದುದು ಇಷ್ಟು. ತನ್ನ 12,000 ಮೈಲುಗಳಲ್ಲಿ ತಾಯಿಯು ಹೋಗುವ ಒಂದು ಟಿಕೆಟ್ಟು ದೊರೆಯುತ್ತದೆ. ಉಳಿದ ಮೂರಕ್ಕೆ ನಗದು ಕೊಡಬೇಕು. ಅದು ಭಾರವೆನಿಸಿದರೆ ಯಾತ್ರೆಯನ್ನು ಕೆಲವು ತಿಂಗಳು ಮುಂದೂಡಬೇಕು. ತಾಯಿಯ ವಯಸ್ಸನ್ನು ನೆನೆದಾಗ ಆ ಕೆಲವು ತಿಂಗಳುಗಳೂ ಸಣ್ಣ ಮಾತಲ್ಲ. ಆದರೂ ಶಿಖರ್ಜಿಯ ಬೆಟ್ಟದ ಬುಡದಲ್ಲಿ ನಿಂತು, ಮಗನೆ, ಇಷ್ಟು ದೂರ ಕರೆತರಲು ಎಷ್ಟು ಖರ್ಚಾಯಿತು ಎಂದು ಆಕೆ ಕೇಳಿದಾಗ, ಪೂರ್ಣ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುವ ಸ್ಥಿತಿಯಲ್ಲಿ ಆತನಿರಬೇಕು.