ಬೆಲೆ ಹೇಳುವವರ ಋಣ

ಒಂದೂ ಸುಳ್ಳು ಹೇಳದೆ ಕೇಳುಗರಿಗೆ ಮೋಸ ಮಾಡಬಹುದೇ? ಟಿವಿಯಲ್ಲಿ ಷೇರುಪೇಟೆಯ ಸುದ್ದಿ ಹೇಳುವ ಪತ್ರಕರ್ತರ ವೃತ್ತಿ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

2021ರ ಜನವರಿಯಲ್ಲಿ ಸಿಎನ್‌ಬಿಸಿ ಆವಾಜ್ ವಾಹಿನಿಯ ನಿರೂಪಕರೊಬ್ಬರು ಷೇರು ವ್ಯವಹಾರ ನಡೆಸದಂತೆ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಅವರು ಕಾರ್ಯಕ್ರಮದಲ್ಲಿ ಶಿಫಾರಸು ಮಾಡಲಿದ್ದ ಷೇರುಗಳನ್ನು ಹೆಂಡತಿ ಮತ್ತು ತಾಯಿಯ ಖಾತೆಗಳಲ್ಲಿ ಹಿಂದಿನ ದಿನವೇ ಕೊಂಡು, ಪ್ರಸಾರದ ದಿನ ಮಾರಲಾಗುತ್ತಿತ್ತು ಎಂಬುದು ಆರೋಪ. ಆರೋಪದ ತಿರುಳು ಸುಳ್ಳು ಸುದ್ದಿಯಲ್ಲ. ಶಿಫಾರಸಾದ ಷೇರು ನಿಜಕ್ಕೂ ಒಳ್ಳೆಯದೇ ಆಗಿತ್ತೆಂದು ಇಟ್ಟುಕೊಳ್ಳೋಣ. ಆಗಲೂ ಇದು ತಪ್ಪೆಂದೇ ಅನಿಸುತ್ತದೆ. ಯಾಕೆ?

ಉತ್ತರ ಹುಡುಕಲು ನಮ್ಮ ಗುಂಡ್ಲುಪೇಟೆ ಸೀಮೆಗೆ ಬರೋಣ. ಇಲ್ಲಿಯ ತರಕಾರಿ ಹೆಚ್ಚಾಗಿ ಕೇರಳಕ್ಕೆ ಹೋಗುತ್ತದೆ. ಓಣಂ ಬಂತೆಂದರೆ ಹೂವಿಗೂ ತರಕಾರಿಗೂ ಬೇಡಿಕೆ. ತೆರಕಣಾಂಬಿಯ ಮಾರುಕಟ್ಟೆಯಲ್ಲಿ ದಲ್ಲಾಳಿಯೊಬ್ಬ ‘ಇವತ್ತು ಕೇರಳದ ಗಾಡಿ ಕಮ್ಮಿ, ರೇಟು ಬಿದ್ದೋಗದ’ ಅಂದರೆ ರೈತ ಅದರಲ್ಲಿ ಅರ್ಧ ಕಳೆದೇ ಕೇಳುತ್ತಾನೆ. ಆ ಮಾತಿನಿಂದ ಯಾರಿಗೆ ಲಾಭವೆಂದು ಅವನಿಗೆ ಗೊತ್ತು. ಆಕಾಶವಾಣಿಯ ಪೇಟೆ ಧಾರಣೆಯನ್ನು ಮಾತ್ರ ಹಾಗೆ ಕಳೆದು ಕೇಳುವವರಿಲ್ಲ. ಅದನ್ನು ಓದುವವರಿಗೆ ಮಾರಲು ಟೊಮೆಟೊ ಇಲ್ಲ, ಕೊಳ್ಳಲು ಲಾರಿಯಿಲ್ಲ. ಆರೋಪ ನಿಜವಾದರೆ, ನಿರೂಪಕರು ಕೂತದ್ದು ಆಕಾಶವಾಣಿಯವರ ಜಾಗದಲ್ಲಿ, ಮಾಡಿದ್ದು ವ್ಯಾಪಾರ. ದಲ್ಲಾಳಿಗೂ ಸಿಗದ ಮರೆ ಅವರಿಗೆ ಸಿಕ್ಕಿತು.

ಇನ್ನೊಂದು ಮಾತಿದೆ. ಪೇಟೆ ಧಾರಣೆ ಆಗಿಹೋದ ಬೆಲೆಯನ್ನು ಹೇಳುತ್ತದೆ. ಟಿವಿಯ ಶಿಫಾರಸು ಆಗಲಿರುವ ಬೆಲೆಯನ್ನು ಹೇಳುತ್ತದೆ. ಕೇಳಿದ ಸಾವಿರಾರು ಜನ ಒಟ್ಟಿಗೆ ಕೊಂಡರೆ, ಹೇಳಿದ್ದರಿಂದಲೇ ಬೆಲೆ ಏರಬಹುದು. ಹಾಗೆ ಏರಿಸುವ ಶಕ್ತಿ ನಿರೂಪಕರ ಜಾಣ್ಮೆಯಿಂದ ಮಾತ್ರ ಬಂದದ್ದಲ್ಲ, ಕೇಳುಗರ ನಂಬಿಕೆಯಿಂದಲೂ ಅವರ ದುಡ್ಡಿನಿಂದಲೂ ಬಂದದ್ದು. ಅದರಿಂದ ಗುಟ್ಟಾಗಿ ಲಾಭ ಮಾಡುವುದು, ನಂಬಿ ಒಪ್ಪಿಸಿದ ಗಂಟನ್ನು ಖರ್ಚು ಮಾಡಿದಂತೆ.

‘ಈ ಷೇರು ನನ್ನ ಬಳಿಯೂ ಇದೆ’ ಎಂದು ಮೊದಲೇ ಹೇಳಿಬಿಟ್ಟರೆ ಸಾಕೇ? ಹೇಳಲೇಬೇಕು, ಆಗ ಕೇಳುಗರೂ ಕಳೆದು ಕೇಳಬಹುದು. ಆದರೆ ಈ ವೃತ್ತಿಯಲ್ಲಿ ಹೆಸರು ಬರುವುದು ನಾಳೆಯ ಬೆಲೆಯನ್ನು ಗಟ್ಟಿಯಾಗಿ ಹೇಳುವವರಿಗೆ. ‘ಗೊತ್ತಿಲ್ಲ’ ಅಂದವರನ್ನು ಬಿಟ್ಟು ನಾವೇ ಚಾನೆಲ್ ಬದಲಿಸುತ್ತೇವೆ. ಅವರ ಆಸೆಯನ್ನು ಬೆಳೆಸಿದ್ದರಲ್ಲಿ ನಮ್ಮ ಪಾಲೂ ಇದೆ.

ಚಾಮರಾಜನಗರದ ಕಾಲೇಜು ಹುಡುಗರ ಮೊಬೈಲಿಗೂ ಈಗ ಷೇರು ಆ್ಯಪ್‌ಗಳು ಬಂದಿವೆ. ಇದನ್ನು ಕೊಳ್ಳಿ ಎಂದು ಯಾರಾದರೂ ಹೇಳಿದಾಗ, ಅವರಪ್ಪ ಮಾರುಕಟ್ಟೆಯಲ್ಲಿ ಕೇಳಿಕೊಳ್ಳುವ ಪ್ರಶ್ನೆಯನ್ನು ಅವರೂ ಕೇಳಿಕೊಳ್ಳಬೇಕು: ಇದರಿಂದ ಇವರಿಗೇನು ಲಾಭ?