ಆಕೃತಿಗೆ ಹೊಣೆಯುಂಟೇ?

ಚಿತ್ರವೆಂದರೆ ಕಂಡುದನ್ನು ಕಂಡಂತೆ ಬರೆಯುವುದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ೧೯೧೫ರಲ್ಲಿ ಪೆತ್ರೋಗ್ರಾದ್ ನಗರದ ಪ್ರದರ್ಶನವೊಂದರಲ್ಲಿ ಮಾಲೆವಿಚ್ ಎಂಬ ಕಲಾವಿದನು ಬಿಳಿಯ ಹಿನ್ನೆಲೆಯಲ್ಲಿ ಕಪ್ಪು ಚೌಕವೊಂದನ್ನು ಮಾತ್ರ ಬರೆದು ತೂಗುಹಾಕಿದಾಗ ಈ ನಿಯಮವು ಮುರಿದುಬಿತ್ತು. ಚೌಕವು ಏನನ್ನೂ ಹೋಲುವುದಿಲ್ಲ. ಆದುದರಿಂದ ಅದು ಸುಳ್ಳನ್ನೂ ಹೇಳಲಾರದೆಂದು ಅದರ ಪರವಾಗಿ ವಾದಿಸಬಹುದು. ಪಯ್ಯಂಪಳ್ಳಿಯಲ್ಲಿ ಕುಳಿತು ರಷ್ಯದ ಚೌಕದ ಗೊಡವೆ ನಮಗೇಕೆಂದು ಕೇಳುವವರುಂಟು. ನಮ್ಮ ವಯನಾಡಿನ ಎಡಕ್ಕಲ್ ಗುಹೆಯಲ್ಲಿ ಯಾವುದೋ ಕಾಲದ ಜನರು ಬಂಡೆಯಲ್ಲಿ ಕೊರೆದ ಗೆರೆಗಳನ್ನು ಕಂಡವರು ಹಾಗೆ ಕೇಳಲಾರರು.

ಏನನ್ನೂ ಹೋಲದ ಆಕೃತಿಯು ನಿರಪರಾಧಿಯೇ ಎಂಬುದು ನಮ್ಮ ಪ್ರಶ್ನೆ.

ನಾಲ್ಕೈದು ವರ್ಷಗಳೊಳಗೆ, ಅದೇ ರಷ್ಯದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ, ಎಲ್ ಲಿಸಿಟ್ಸ್ಕಿಯು ಒಂದು ಭಿತ್ತಿಪತ್ರವನ್ನು ರಚಿಸಿದನು. ಕೆಂಪು ತ್ರಿಕೋನವೊಂದು ಬಿಳಿಯ ವೃತ್ತವನ್ನು ಸೀಳಿಕೊಂಡು ಒಳನುಗ್ಗುತ್ತದೆ. ಕೆಂಪು ಬೆಣೆಯಿಂದ ಬಿಳಿಯರನ್ನು ಹೊಡೆಯಿರೆಂಬುದು ಅದರ ಒಕ್ಕಣೆ. ಚೂಪಾದುದು ದುಂಡಾದುದನ್ನು ತಿವಿಯುವುದನ್ನು ಕಾಣಲು ಅಕ್ಷರಜ್ಞಾನವೂ ಬೇಕಿಲ್ಲ. ಭಿತ್ತಿಪತ್ರದ ಶಕ್ತಿಯಿರುವುದು ಇಲ್ಲಿಯೇ. ಆದರೆ ಆ ವೃತ್ತದೊಳಗೆ ಇದ್ದವರು ಯಾರು? ರೈತರ ಮಕ್ಕಳು, ಯಾರದೋ ಗಂಡಂದಿರು. ಒಂದು ಮುಖವನ್ನು ಬರೆದಿದ್ದರೆ ನೋಡುವವನ ಮನಸ್ಸು ಅರೆಗಳಿಗೆ ಅಳುಕುತ್ತಿತ್ತೇನೋ. ವೃತ್ತಕ್ಕೆ ಮುಖವಿಲ್ಲ, ಚುಚ್ಚಿದರೆ ರಕ್ತವೂ ಬರುವುದಿಲ್ಲ.

ಮುಖವಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದಲ್ಲ. ೧೯೧೪ರಲ್ಲಿ ಇಂಗ್ಲೆಂಡಿನಲ್ಲಿ ಆಲ್‌ಫ್ರೆಡ್ ಲೀಟನು ಬರೆದ ಚಿತ್ರದಲ್ಲಿ ಕಿಚನರ್ ಸಾಹೇಬನ ಮೀಸೆಯ ಒಂದೊಂದು ಎಳೆಯೂ ಸ್ಪಷ್ಟ. ಅವನ ನೀಡಿದ ಬೆರಳೂ ತರುಣರನ್ನು ಯುದ್ಧಕ್ಕೇ ಕರೆಯಿತು. ಅಲ್ಲಿಯೂ ಕಾಣಿಸಿದ್ದು ಕರೆಯುವವನ ಮುಖ, ಸಾಯುವವನದಲ್ಲ.

ಅಮೂರ್ತವನ್ನೇ ದೂರುವುದೂ ನ್ಯಾಯವಲ್ಲ. ಸಾಗರದ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಣ್ಣದಿಂದ, ಪುಂಡಿನಾರಿನ ಕುಂಚ ಹಿಡಿದು, ಹಸೆ ಚಿತ್ತಾರವನ್ನು ಬರೆಯುತ್ತಾರೆ. ಅಲ್ಲಿ ಮದುಮಕ್ಕಳೂ ಬರಿಯ ಗೆರೆಗಳಿಂದಲೇ ಮೂಡುತ್ತಾರೆ. ಕಣ್ಣು ಮೂಗುಗಳಿಲ್ಲದಿದ್ದರೂ ಆ ಗೆರೆ ಯಾರೆಂಬುದು ಮದುವೆಯ ಮನೆಯವರಿಗೆಲ್ಲ ಗೊತ್ತು. ಬೀದಿಯ ಗೋಡೆಯ ವೃತ್ತವು ಮಾತ್ರ ಯಾರಿಗೂ ಪರಿಚಿತವಲ್ಲ. ಪರಿಚಯವಿಲ್ಲದಿರುವುದರಿಂದಲೇ ಅದನ್ನು ಹೊಡೆಯುವುದು ಸುಲಭವಾಗುತ್ತದೆಂದು ನಮಗೆ ತೋರುತ್ತದೆ.

ಲಿಸಿಟ್ಸ್ಕಿಯ ಚಿತ್ರವನ್ನು ಉಪಾಧ್ಯಾಯ ಬಂಧುಗಳು ಕರಿಹಲಗೆಯ ಮೇಲೆ ಬರೆದು ನೋಡಬಹುದು. ಎರಡು ಸೀಮೆಸುಣ್ಣ ಸಾಕು. ಬಳಿಕ ತ್ರಿಕೋನಕ್ಕೆ ಬಿಳಿಯನ್ನೂ ವೃತ್ತಕ್ಕೆ ಕೆಂಪನ್ನೂ ತುಂಬಿರಿ. ಚಿತ್ರವು ಮೊದಲಿನಷ್ಟೇ ಸೊಗಸಾಗಿ, ಮೊದಲಿನಷ್ಟೇ ಬಲವಾಗಿ ಕೂಡಿಬರುತ್ತದೆ. ನಮ್ಮನ್ನು ಚಿಂತೆಗೀಡುಮಾಡಿರುವುದು ಅದೇ.