ಪರಮಾಣುವಿನ ಸ್ಪರ್ಶ, ಪ್ರಾಮಾಣ್ಯದ ಪ್ರಶ್ನೆ

ಪರಮಾಣುವು ಇಂದ್ರಿಯಗಳಿಗೆ ಸಿಕ್ಕುವ ವಸ್ತುವಲ್ಲ, ಯುಕ್ತಿಯಿಂದ ಮಾತ್ರ ಸಿದ್ಧವಾಗುವಂಥದ್ದು ಎಂಬುದು ವೈಶೇಷಿಕ ದರ್ಶನದ ಹಳೆಯ ನಿಲುವು. ಕಿಟಕಿಯ ಸಂದಿನಿಂದ ಒಳಬಂದ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವನ್ನು ತ್ರಸರೇಣು ಎಂದು ಹೆಸರಿಸಿ, ಕಣ್ಣಿಗೆ ಕಾಣುವುದರಲ್ಲಿ ಅದೇ ಅತಿ ಚಿಕ್ಕದೆಂದು ಒಪ್ಪಿದ ಆ ದಾರ್ಶನಿಕರು, ಕಾಣುವುದಕ್ಕೆಲ್ಲ ಅವಯವಗಳಿರುವುದರಿಂದ ತ್ರಸರೇಣುವಿಗೂ ಅವಯವಗಳಿರಬೇಕು, ಅವುಗಳಿಗೂ ಇರಬೇಕು, ಆದರೆ ಈ ವಿಭಾಗ ಎಲ್ಲಿಯೂ ನಿಲ್ಲದೆಹೋದರೆ ಸಾಸಿವೆಗೂ ಮೇರುಪರ್ವತಕ್ಕೂ ಗಾತ್ರದಲ್ಲಿ ವ್ಯತ್ಯಾಸವೇ ಉಳಿಯದು ಎಂದು ವಾದಿಸಿ, ವಿಭಾಗ ನಿಲ್ಲುವ ಎಡೆಯನ್ನು ಪರಮಾಣು ಎಂದರು. ಈ ವಾದದಲ್ಲಿ ಎಲ್ಲಿಯೂ ಯಾರೂ ಪರಮಾಣುವನ್ನು ಕಂಡಿಲ್ಲ, ಮುಟ್ಟಿಲ್ಲ. 1986ರಲ್ಲಿ ಗೆರ್ಡ್ ಬಿನ್ನಿಗ್, ಕಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗರ್ಬರ್ ಪ್ರಕಟಿಸಿದ ಪರಮಾಣು ಬಲ ಸೂಕ್ಷ್ಮದರ್ಶಕ, ಅಂದರೆ ಪ್ರಯೋಗಾಲಯಗಳಲ್ಲಿ ಎಲ್ಲರೂ ಎ.ಎಫ್.ಎಂ. ಎಂದು ಕರೆಯುವ ಉಪಕರಣ, ವಸ್ತುವಿನ ಮೇಲ್ಮೈಯನ್ನು ಮೊನೆಯೊಂದರಿಂದ ತಡವಿ ಅದರ ಉಬ್ಬುತಗ್ಗುಗಳನ್ನು ತೋರಿಸುವುದರಿಂದ, ಅತೀಂದ್ರಿಯವೆನಿಸಿಕೊಂಡಿದ್ದ ವಸ್ತು ಈಗ ಪ್ರತ್ಯಕ್ಷಕ್ಕೆ ಬಂದಿತೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆಯೂ ಇದೆ: ಅಂಥ ಉಪಕರಣ ಹತ್ತಾರು ಜನರು ಸರದಿಯಲ್ಲಿ ಬಳಸುವ ಹಂಚಿಕೆಯ ಯಂತ್ರವಾಗಿದ್ದು, ಒಬ್ಬರು ಮುಟ್ಟಿಸಿದ್ದನ್ನು ಇನ್ನೊಬ್ಬರು ತಿಳಿವಳಿಕೆಯಾಗಿ ಸ್ವೀಕರಿಸುವಾಗ, ಆ ತಿಳಿವಳಿಕೆ ಯಾವ ಪ್ರಮಾಣಕ್ಕೆ, ಅಂದರೆ ತಿಳಿವಿನ ಯಾವ ಸಾಧನಕ್ಕೆ, ಸೇರಿದ್ದು?

ಈ ಪ್ರಶ್ನೆಯನ್ನು ಕೋಲಾರ ಸೀಮೆಯಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ದ್ವೈತ ವೇದಾಂತದ ಪ್ರಮಾಣಶಾಸ್ತ್ರ ಬೆಳೆದ ನೆಲೆಗಳಲ್ಲಿ ಇದೇ ಸೀಮೆಯ ಮುಳಬಾಗಿಲು ಒಂದು. ಮಧ್ವಾಚಾರ್ಯರ ಶಿಷ್ಯರಾದ ಅಕ್ಷೋಭ್ಯತೀರ್ಥರು ವಿದ್ಯಾರಣ್ಯರೊಡನೆ ವಾದ ನಡೆಸಿದ್ದು ಇಲ್ಲಿಯೇ ಎಂದು ಸಂಪ್ರದಾಯ ಹೇಳುತ್ತದೆ. ಆ ಅಕ್ಷೋಭ್ಯತೀರ್ಥರ ಶಿಷ್ಯರೇ ಪ್ರಮಾಣಪದ್ಧತಿಯನ್ನು ಬರೆದ ಜಯತೀರ್ಥರು. ಮುಂದೆ ಹದಿನೈದನೆಯ ಶತಮಾನದಲ್ಲಿ ಶ್ರೀಪಾದರಾಜರು ಮುಳಬಾಗಿಲಿನಲ್ಲಿ ನೆಲೆಸಿ ಪಾಠ ಹೇಳಿದರು, ಅವರ ಬೃಂದಾವನ ಊರ ಹೊರಗಿನ ನರಸಿಂಹತೀರ್ಥದಲ್ಲಿದೆ. ಅವರ ಬಳಿ ಓದಿದ ವ್ಯಾಸತೀರ್ಥರು ನ್ಯಾಯಶಾಸ್ತ್ರವನ್ನು ಖಂಡಿಸಲು ಬರೆದ ತರ್ಕತಾಂಡವದ ಮೊದಲ ದೊಡ್ಡ ವಿಷಯವೇ ಪ್ರಾಮಾಣ್ಯವಾದ, ಅಂದರೆ ಒಂದು ಜ್ಞಾನ ನಿಜವೆಂಬುದು ನಮಗೆ ಹೇಗೆ ತಿಳಿಯುತ್ತದೆ ಎಂಬ ಚರ್ಚೆ. ಶ್ರೀಪಾದರಾಜರ ಹೆಸರು ಇಂದು ಅವರ ಕನ್ನಡ ದೇವರನಾಮಗಳಿಂದಲೇ ಹೆಚ್ಚು ಬಳಕೆಯಲ್ಲಿದ್ದು, ಅವರ ಪಾಠಶಾಲೆಯಿಂದ ಇಷ್ಟು ತೀಕ್ಷ್ಣವಾದ ತರ್ಕ ಹೊರಟಿತೆಂಬುದು ಆ ಊರಿನವರಿಗೇ ಅಷ್ಟಾಗಿ ನೆನಪಿಲ್ಲದಿರುವುದು ವಿಷಾದದ ಸಂಗತಿ.

ಆ ಚರ್ಚೆಯ ಎರಡು ಪಕ್ಷಗಳನ್ನು ಇಲ್ಲಿ ಸ್ಥೂಲವಾಗಿ ಹೇಳಿದರೆ ಸಾಕು. ನೈಯಾಯಿಕರ ಪ್ರಕಾರ ಪ್ರಾಮಾಣ್ಯ ಪರತಃ, ಅಂದರೆ ಜ್ಞಾನ ಹುಟ್ಟಿದ ಮೇಲೆ ಅದರ ಯಥಾರ್ಥತೆ ಬೇರೊಂದರಿಂದ, ಮುಖ್ಯವಾಗಿ ಅದನ್ನು ನಂಬಿ ನಡೆದ ಪ್ರವೃತ್ತಿ ಸಫಲವಾಗುವುದರಿಂದ, ತಿಳಿಯುತ್ತದೆ. ದೂರದಲ್ಲಿ ಕಂಡದ್ದು ನೀರೇ ಎಂಬುದು ಕುಡಿದಾಗ ಖಚಿತವಾಗುತ್ತದೆ. ದ್ವೈತಿಗಳ ಪ್ರಕಾರ ಪ್ರಾಮಾಣ್ಯ ಸ್ವತಃ: ಜ್ಞಾನ ತನ್ನಷ್ಟಕ್ಕೇ ಯಥಾರ್ಥ, ಅಯಥಾರ್ಥತೆ ಹೊರಗಿನ ದೋಷದಿಂದ ಬಂದದ್ದು, ಮತ್ತು ಯಥಾರ್ಥತೆಯನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಜೀವನ ಸ್ವರೂಪವೇ ಆದ, ಸುಖದುಃಖಗಳನ್ನೂ ಕಾಲವನ್ನೂ ನೇರವಾಗಿ ಅರಿಯುವ ಒಳಗಿನ ಇಂದ್ರಿಯ. ಸಂಶಯ ಬಂದಲ್ಲಿ ಪರೀಕ್ಷೆ ಬೇಕು, ಆದರೆ ಪರೀಕ್ಷೆ ಅಡ್ಡಿಯನ್ನು ತೆಗೆಯುತ್ತದೆಯೇ ಹೊರತು ಪ್ರಾಮಾಣ್ಯವನ್ನು ಹುಟ್ಟಿಸುವುದಿಲ್ಲ. ಜಯತೀರ್ಥರು ಮೂರು ಪ್ರಮಾಣಗಳಿಗೂ ಕೊಟ್ಟ ಲಕ್ಷಣಗಳಲ್ಲಿ ಒಂದೇ ಪದ ಮೂರು ಬಾರಿ ಬರುತ್ತದೆ: ದೋಷವಿಲ್ಲದ ವಸ್ತುವಿಗೂ ದೋಷವಿಲ್ಲದ ಇಂದ್ರಿಯಕ್ಕೂ ಆಗುವ ಸನ್ನಿಕರ್ಷ, ಅಂದರೆ ಸಂಪರ್ಕ, ಪ್ರತ್ಯಕ್ಷ, ದೋಷವಿಲ್ಲದ ಯುಕ್ತಿ ಅನುಮಾನ, ದೋಷವಿಲ್ಲದ ಶಬ್ದ ಆಗಮ.

ಎ.ಎಫ್.ಎಂ. ನಡೆಸುವವರ ದಿನದ ಕೆಲಸವೆಲ್ಲ ಈ ದೋಷದ ಸುತ್ತಲೇ ಇದೆ. ಸಿಲಿಕಾನಿನಿಂದಲೋ ಸಿಲಿಕಾನ್ ನೈಟ್ರೈಡಿನಿಂದಲೋ ಮಾಡಿದ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಉದ್ದವಿರುವ, ಒಂದು ತುದಿ ಮಾತ್ರ ಹಿಡಿತದಲ್ಲಿದ್ದು ಇನ್ನೊಂದು ತುದಿ ಬಿಡುವಾಗಿರುವ ಸಣ್ಣ ಪಟ್ಟಿಗೆ ಕ್ಯಾಂಟಿಲಿವರ್ ಎಂದು ಹೆಸರು. ಅದರ ಬಿಡುತುದಿಯ ಕೆಳಗೆ ಸುಮಾರು 10 ನ್ಯಾನೊಮೀಟರ್ ತ್ರಿಜ್ಯದ ಮೊನೆ, ಅಂದರೆ ಟಿಪ್, ಇರುತ್ತದೆ, ಮತ್ತು ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಪಟ್ಟಿಯ ಬೆನ್ನ ಮೇಲೆ ಲೇಸರ್ ಕಿರಣ ಬೀಳಿಸಿ, ಅದು ಪ್ರತಿಫಲಿಸಿ ನಾಲ್ಕು ಭಾಗಗಳ ಬೆಳಕಿನ ಸಂವೇದಕದ ನಡುವೆ ಬೀಳುವಂತೆ ಸಣ್ಣ ತಿರುಪುಗಳನ್ನು ತಿರುಗಿಸಿ ಹೊಂದಿಸುವುದರಲ್ಲಿಯೇ ಹೊಸಬರ ತಾಳ್ಮೆ ಮುಗಿಯುತ್ತದೆ. ಆಮೇಲೆ ಮೊನೆಯನ್ನು ಸ್ಯಾಂಪಲಿನ ಹತ್ತಿರ ಇಳಿಸಿದಾಗ, ಮೇಲ್ಮೈಯ ಬಲದಿಂದ ಪಟ್ಟಿ ಬಾಗುತ್ತದೆ, ಬೆಳಕಿನ ಚುಕ್ಕೆ ಸರಿಯುತ್ತದೆ, ಆ ಸರಿತವನ್ನು ನಿಗದಿಪಡಿಸಿದ ಮಟ್ಟದಲ್ಲಿ ಇರಿಸಿಕೊಳ್ಳಲು ಪೀಜೋ ಎಂಬ, ವಿದ್ಯುತ್ತಿಗೆ ಹಿಗ್ಗಿ ಕುಗ್ಗುವ ಹರಳು ಮೇಲೆ ಕೆಳಗೆ ಆಡುತ್ತದೆ. ಪರದೆಯ ಮೇಲೆ ಸಾಲುಸಾಲಾಗಿ ಮೂಡುವ ಚಿತ್ರ ವಾಸ್ತವವಾಗಿ ಈ ಪೀಜೋ ಎಷ್ಟು ಆಡಿತೆಂಬುದರ ಲೆಕ್ಕ. ಅದರ ಕಂದುಚಿನ್ನದ ಬಣ್ಣ ತಂತ್ರಾಂಶದವರು ಹಚ್ಚಿದ್ದು, ವಸ್ತುವಿನದಲ್ಲ. ಮೊದಲ ಎ.ಎಫ್.ಎಂ.ನ ಪಟ್ಟಿ ಮಾತ್ರ ನಿಜವಾಗಿಯೂ ಚಿನ್ನದ ತಗಡಿನದು, ಅದರ ಮೊನೆ ವಜ್ರದ ಚೂರು.

ಹಾಗಿದ್ದರೆ ಇಲ್ಲಿ ಪ್ರತ್ಯಕ್ಷಕ್ಕೆ ಬೇಕಾದ ಸನ್ನಿಕರ್ಷ ಎಲ್ಲಿದೆ? ಮುಟ್ಟಿದ್ದು ಮೊನೆ, ಮನುಷ್ಯನ ಚರ್ಮವಲ್ಲ. ಕಣ್ಣು ಕಂಡದ್ದು ಪರದೆ, ಮೇಲ್ಮೈಯಲ್ಲ. ವಾಯುವಿನ ವಿಷಯದಲ್ಲಿ ನ್ಯಾಯವೈಶೇಷಿಕರೊಳಗೇ ನಡೆದ ವಾದ ಇಲ್ಲಿ ಉಪಯುಕ್ತ: ರೂಪವಿಲ್ಲದ ಗಾಳಿಯನ್ನು ಅದರ ಸ್ಪರ್ಶದಿಂದ ಅನುಮಾನಿಸುತ್ತೇವೆ ಎಂದು ಪ್ರಾಚೀನರು, ಚರ್ಮಕ್ಕೆ ಅದು ನೇರವಾಗಿಯೇ ಪ್ರತ್ಯಕ್ಷ ಎಂದು ನವ್ಯರು. ನವ್ಯರ ಉದಾರತೆಯನ್ನೇ ಹಿಡಿದರೂ ಎ.ಎಫ್.ಎಂ. ಚಿತ್ರ ಪ್ರತ್ಯಕ್ಷವಾಗಲಾರದು, ಏಕೆಂದರೆ ಬಲದಿಂದ ಬಾಗು, ಬಾಗಿನಿಂದ ಬೆಳಕಿನ ಸರಿತ, ಸರಿತದಿಂದ ವೋಲ್ಟೇಜು, ವೋಲ್ಟೇಜಿನಿಂದ ಎತ್ತರ ಎಂಬ ಸರಪಣಿಯ ಪ್ರತಿ ಕೊಂಡಿಯಲ್ಲಿಯೂ ಒಂದು ವ್ಯಾಪ್ತಿ, ಅಂದರೆ ಇದಿದ್ದಲ್ಲಿ ಅದಿರುತ್ತದೆಂಬ ನಿಯಮ, ಮೊದಲೇ ತಿಳಿದಿರಬೇಕಾಗುತ್ತದೆ. ಅದು ಅನುಮಾನವೇ, ಬಹಳ ಒಳ್ಳೆಯ ಅನುಮಾನವೆಂದು ಬೇಕಾದರೆ ಹೇಳಬಹುದು.

ಈ ಮಾತಿಗೆ ವಿಜ್ಞಾನದ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತ ಸಿಕ್ಕುತ್ತದೆ. ಕಾಗೆಬಂಗಾರವೆಂದು ಜನ ಕರೆಯುವ ಅಭ್ರಕವನ್ನು ಅಂಟುಪಟ್ಟಿಯಿಂದ ಒಂದು ಪದರ ಕಿತ್ತರೆ ಒಳಗಿನ ಹೊಸ ಮೈ ಪರಮಾಣುಮಟ್ಟದಲ್ಲಿ ಸಪಾಟಾಗಿರುವುದರಿಂದ ಎ.ಎಫ್.ಎಂ. ಕಲಿಯುವವರಿಗೆ ಅದೇ ಮೊದಲ ಸ್ಯಾಂಪಲು. ಅದರ ಮೇಲೆ ಮೊನೆ ಎಳೆದಾಗ ಸುಮಾರು 0.52 ನ್ಯಾನೊಮೀಟರ್ ಅಂತರದ ಅಚ್ಚುಕಟ್ಟಾದ ಜಾಲ ಮೂಡುತ್ತದೆ, ಮತ್ತು ಆರಂಭದ ವರ್ಷಗಳಲ್ಲಿ ಇಂಥ ಚಿತ್ರಗಳನ್ನು ಕಂಡು ಪರಮಾಣುಗಳೇ ಕಂಡುವೆಂದು ಸಂಭ್ರಮಿಸಿದವರು ಹಲವರು. ಆದರೆ ಆ ಜಾಲಗಳಲ್ಲಿ ಎಲ್ಲಿಯೂ ಒಂದು ಪರಮಾಣು ಕಾಣೆಯಾದ ಗುರುತು ಇರಲಿಲ್ಲ. ನಿಜವಾದ ಹರಳಿನಲ್ಲಿ ಅಲ್ಲಲ್ಲಿ ಕೊರತೆ ಇದ್ದೇ ಇರುತ್ತದೆ. ಮೊನೆಯ ಹಲವು ಬಿಂದುಗಳು ಒಟ್ಟಿಗೆ ಮುಟ್ಟಿ, ಒಂದೊಂದರ ಕೊರತೆಯನ್ನು ಉಳಿದವು ಮುಚ್ಚಿಹಾಕಿ, ಸರಾಸರಿಯ ಜಾಲವೊಂದನ್ನು ಕೊಟ್ಟಿದ್ದವು. ಬಿಡಿ ಪರಮಾಣುಗಳನ್ನೂ ಅವುಗಳ ಕೊರತೆಗಳನ್ನೂ ಬೇರೆ ಬೇರೆಯಾಗಿ ತೋರಿಸುವ ಚಿತ್ರ ಸಿಲಿಕಾನಿನ ಮೇಲ್ಮೈಯಿಂದ ಫ್ರಾಂಟ್ಸ್ ಗೀಸಿಬಲ್ ಅವರಿಗೆ ದೊರೆತದ್ದು 1995ರಲ್ಲಿ, ಮೊನೆಯನ್ನು ಮುಟ್ಟಿಸದೆ ಹತ್ತಿರದಲ್ಲಿ ಕಂಪಿಸುವಂತೆ ಮಾಡುವ ಕ್ರಮದಿಂದ. ನಿಯಮಬದ್ಧವಾದ ಚೆಲುವೇ ಸಂಶಯಕ್ಕೆ ಕಾರಣವಾದದ್ದು, ಕೊರತೆಯೇ ಯಥಾರ್ಥತೆಗೆ ಗುರುತಾದದ್ದು, ಪ್ರಮಾಣಶಾಸ್ತ್ರ ಓದುವವರು ಗಮನಿಸತಕ್ಕ ಸಂಗತಿ.

ಜಯತೀರ್ಥರು ವಿಷಯದ ದೋಷಗಳನ್ನು ಹೇಳುವಾಗ ಅತಿ ದೂರ, ಅತಿ ಸಾಮೀಪ್ಯ, ಅತಿ ಸೂಕ್ಷ್ಮತೆ, ನಡುವಿನ ಮರೆ, ಸಮಾನ ವಸ್ತುಗಳಲ್ಲಿ ಬೆರೆತುಹೋಗುವುದು ಮುಂತಾದವನ್ನು ಎಣಿಸುತ್ತಾರೆ. ಎ.ಎಫ್.ಎಂ. ಕೋಣೆಯಲ್ಲಿ ಇವು ಒಂದೂ ಬಿಡದೆ ಸಿಗುತ್ತವೆ: ಮೊನೆ ತೀರ ಒತ್ತಿದರೆ ಮೆತ್ತನೆಯ ಸ್ಯಾಂಪಲ್ ಗೀಚಿಹೋಗುತ್ತದೆ, ತೇವದ ಗಾಳಿಯಲ್ಲಿ ನೀರಿನ ತೆಳುಪದರ ಮರೆಯಾಗಿ ನಿಂತು ಮೊನೆಯನ್ನು ಎಳೆಯುತ್ತದೆ. ಇಂದ್ರಿಯದ ಸ್ಥಾನದಲ್ಲಿರುವ ಮೊನೆಯ ದೋಷವಂತೂ ಇನ್ನೂ ಕುಟಿಲ. ಸುಮಾರು 2 ನ್ಯಾನೊಮೀಟರ್ ದಪ್ಪದ ಡಿ.ಎನ್.ಎ. ಎಳೆಯನ್ನು 10 ನ್ಯಾನೊಮೀಟರಿನ ಮೊನೆ ತಡವಿದರೆ ಎಳೆ ಹಲವು ಪಟ್ಟು ಅಗಲವಾಗಿ ಕಾಣುತ್ತದೆ. ರಾಗಿಕಾಳುಗಳ ನಡುವಿನ ಸಂದನ್ನು ಹೆಬ್ಬೆರಳಿನಿಂದ ಅಳೆಯಹೊರಟಂತೆ ಅದು. ಮೊನೆ ಮುರಿದು ಎರಡಾಗಿದ್ದರೆ ಚಿತ್ರದ ಪ್ರತಿ ಕಣಕ್ಕೂ ಪಕ್ಕದಲ್ಲಿ ಒಂದೇ ದಿಕ್ಕಿನಲ್ಲಿ ಅವಳಿ ಮೂಡುತ್ತದೆ. ಇದನ್ನು ಪತ್ತೆಹಚ್ಚಲು ಬಲ್ಲವರು ಸ್ಯಾಂಪಲನ್ನು 90 ಡಿಗ್ರಿ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ: ಆಕೃತಿಯೂ ತಿರುಗಿದರೆ ಅದು ವಸ್ತುವಿನದು, ಮೊದಲಿದ್ದಂತೆಯೇ ನಿಂತರೆ ಮೊನೆಯದು. ದೋಷಪರೀಕ್ಷೆಗೆ ಇದಕ್ಕಿಂತ ಸರಳವೂ ನಿರ್ಣಾಯಕವೂ ಆದ ಉಪಾಯವನ್ನು ಯಾವ ತಾರ್ಕಿಕನೂ ಹೇಳಲಾರ.

ಇಲ್ಲಿಯವರೆಗೆ ನೋಡುವವನೂ ಪರೀಕ್ಷಿಸುವವನೂ ಒಬ್ಬನೇ ಎಂದು ಭಾವಿಸಿದ್ದಾಯಿತು. ವಾಸ್ತವದಲ್ಲಿ ಹಾಗಿರುವುದಿಲ್ಲ. ಇಂಥ ಉಪಕರಣಗಳ ಬೆಲೆ ಒಂದು ವಿಭಾಗದ ಕೈಗೆಟುಕುವಂಥದ್ದಲ್ಲವಾದ್ದರಿಂದ ವಿಶ್ವವಿದ್ಯಾಲಯಗಳು ಅವನ್ನು ಒಂದೆಡೆ ಇಟ್ಟು ಎಲ್ಲರಿಗೂ ಸ್ಲಾಟ್ ಕೊಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿರುವ ಪರಿಶೀಲನಾ ಸೌಲಭ್ಯ ಹೊರಗಿನ ಸಂಸ್ಥೆಗಳ ಸಂಶೋಧಕರಿಗೂ ತೆರೆದಿದೆ. ಮಾಲೂರಿನ ಇಟ್ಟಿಗೆಮಣ್ಣನ್ನೋ ಶ್ರೀನಿವಾಸಪುರದ ಮಾವಿನ ಸಿಪ್ಪೆಯ ಮೇಣದ ಪದರವನ್ನೋ ಅಧ್ಯಯನ ಮಾಡಬಯಸುವ ಕಾಲೇಜಿನ ಸಂಶೋಧಕಿಯೊಬ್ಬಳು ಸ್ಯಾಂಪಲನ್ನು ಒಪ್ಪಿಸಿ ಬಂದು, ಆಪರೇಟರ್ ಕಳುಹಿಸಿದ ಚಿತ್ರವನ್ನು ತನ್ನ ಪ್ರಬಂಧದಲ್ಲಿ ಅಂಟಿಸಿದರೆ, ಅವಳ ಜ್ಞಾನ ಪ್ರತ್ಯಕ್ಷವಲ್ಲ, ಪೂರ್ತಿಯಾಗಿ ಅನುಮಾನವೂ ಅಲ್ಲ; ಅದು ಶಬ್ದ, ಅಂದರೆ ಇನ್ನೊಬ್ಬರ ಮಾತಿನಿಂದ ಬಂದ ತಿಳಿವು. ಆ ಮೊನೆಯಿಂದ ಹಿಂದಿನ ಸ್ಲಾಟಿನವರು ಏನನ್ನು ಗೀಚಿದ್ದರು, ಅಳತೆಯ ಜಾಲರಿಯ ಮೇಲೆ ಯಂತ್ರವನ್ನು ಕೊನೆಯ ಬಾರಿ ಸರಿಪಡಿಸಿದ್ದು ಯಾವಾಗ, ಚಿತ್ರದ ಇಳಿಜಾರನ್ನು ತಂತ್ರಾಂಶದಿಂದ ಎಷ್ಟು ಸಮಗೊಳಿಸಲಾಗಿದೆ ಎಂಬುದೆಲ್ಲ ಕೋಣೆಯ ಲಾಗ್ ಬುಕ್ಕಿನಲ್ಲಿ ಯಾರಾದರೂ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊನೆ ಕೆಡಿಸಿದವರು ಅದನ್ನು ಬರೆಯದೆ ಎದ್ದುಹೋಗುವುದು ಹಂಚಿಕೆಯ ಪ್ರಯೋಗಾಲಯಗಳ ಹಳೆಯ ರೋಗ.

ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ಹೇಳಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಆಪ್ತತ್ವವನ್ನು ಪದವಿಯಿಂದ ಬಿಡಿಸಿ ಪ್ರಾಮಾಣಿಕತೆಗೆ ಕಟ್ಟಿದ ಈ ಮಾತಿನ ಪ್ರಕಾರ, ಎ.ಎಫ್.ಎಂ. ಕೋಣೆಯ ಆಪ್ತ ಬಹುಮಟ್ಟಿಗೆ ಪ್ರಾಧ್ಯಾಪಕರಲ್ಲ, ಗುತ್ತಿಗೆಯ ಮೇಲೆ ದುಡಿಯುವ ಆಪರೇಟರ್.

ಹಂಚಿಕೆಯ ಉಪಕರಣ ಮತ್ತು ಕಾಣದ ವಸ್ತು ಇವೆರಡೂ ಒಟ್ಟಿಗೆ ಬಂದ ಮಹತ್ತರ ಪ್ರಸಂಗವೊಂದು ಕೋಲಾರ ಜಿಲ್ಲೆಯಲ್ಲಿಯೇ ನಡೆದಿದೆ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳು ಸೇರಿ ಇಟ್ಟ ಉಪಕರಣಗಳು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ, ಭೂಮಿಯನ್ನೇ ಹಾಯ್ದುಹೋಗುವ ಕಣದ ಗುರುತನ್ನು 1965ರಲ್ಲಿ ಹಿಡಿದುವು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಬೇರೊಂದು ತಂಡಕ್ಕೂ ಅದು ಸಿಕ್ಕಿತು. ಎರಡು ಸಾಕ್ಷ್ಯಗಳು ಪರಸ್ಪರ ಕೂಡಿಬಂದ ಈ ಪ್ರಸಂಗ ನೈಯಾಯಿಕರಿಗೆ ಪ್ರಿಯವಾಗುವಂಥದ್ದು. 1980ರ ದಶಕದಲ್ಲಿ ಕೋಲಾರದ ಗಣಿಯಲ್ಲಿಯೇ, ಪ್ರೋಟಾನು ತಾನಾಗಿ ಒಡೆಯುತ್ತದೆಯೇ ಎಂದು ನೋಡಲು 140 ಟನ್ನಿನ ಕಬ್ಬಿಣದ ಉಪಕರಣ ಹೂಡಿದಾಗ ಒಡೆಯುವಿಕೆಯನ್ನು ಹೋಲುವ ಕೆಲವು ಘಟನೆಗಳು ದಾಖಲಾದುವಾದರೂ, ಬೇರೆ ದೇಶಗಳ ಇನ್ನೂ ದೊಡ್ಡ ಉಪಕರಣಗಳು ಅವನ್ನು ಸಮರ್ಥಿಸಲಿಲ್ಲ. ಇಲ್ಲಿ ಯಾರ ಅಪ್ರಾಮಾಣಿಕತೆಯೂ ಇಲ್ಲ. ಸಮಾನ ವಸ್ತುವಿನಲ್ಲಿ ಬೆರೆತುಹೋಗುವ ದೋಷವನ್ನು ಒಂದೇ ಉಪಕರಣ ತನ್ನೊಳಗಿನಿಂದ ಕಳೆದುಕೊಳ್ಳಲಾರದು, ಅಷ್ಟೆ. ಈ ಪ್ರಯೋಗಗಳಲ್ಲಿ ದುಡಿದ, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು ಕೊನೆಯ ದಶಕಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು ವಿಜ್ಞಾನದ ತತ್ತ್ವವನ್ನೂ ಪ್ರಜ್ಞೆಯ ಸ್ವರೂಪವನ್ನೂ ಕುರಿತು ಚಿಂತಿಸಿದ್ದು ಆಕಸ್ಮಿಕವಲ್ಲವೆಂದು ತೋರುತ್ತದೆ.

ಮೇಲುನೋಟಕ್ಕೆ ಇದೆಲ್ಲ ಪರತಃಪ್ರಾಮಾಣ್ಯದ ಗೆಲುವಿನಂತೆ ಕಾಣುತ್ತದೆ. ಆದರೆ ಪ್ರಯೋಗಾಲಯದ ನಿತ್ಯದ ನಡೆ ಹಾಗಿಲ್ಲ. ಪ್ರತಿ ಚಿತ್ರಕ್ಕೂ ಇನ್ನೊಂದು ಸಮರ್ಥನೆ, ಆ ಸಮರ್ಥನೆಗೆ ಮತ್ತೊಂದು ಎಂದು ಹೊರಟರೆ ಒಂದು ಸ್ಲಾಟಿನಲ್ಲಿ ಒಂದು ಚಿತ್ರವೂ ಮುಗಿಯದು. ಈ ಅನವಸ್ಥೆಯನ್ನೇ, ಅಂದರೆ ಕೊನೆಯಿಲ್ಲದ ಹಿಮ್ಮೆಟ್ಟುವಿಕೆಯನ್ನೇ, ಸ್ವತಃಪ್ರಾಮಾಣ್ಯವಾದಿಗಳು ನೈಯಾಯಿಕರ ಮೇಲೆ ಹೊರಿಸಿದ್ದು. ಅಭ್ಯಾಸವಿರುವ ಆಪರೇಟರ್ ಚಿತ್ರವನ್ನು ಮೊದಲು ನಂಬುತ್ತಾನೆ, ದೋಷದ ಸುಳಿವು ಕಂಡಾಗ ಮಾತ್ರ ತಿರುಗಿಸಿ ನೋಡುತ್ತಾನೆ. ಅಷ್ಟರಮಟ್ಟಿಗೆ ಅವನು, ತಿಳಿದೋ ತಿಳಿಯದೆಯೋ, ಮುಳಬಾಗಿಲಿನ ಪರಂಪರೆಯವನು.

ತೊಡಕು ಉಳಿಯುವುದು ಸಾಕ್ಷಿಯ ವಿಷಯದಲ್ಲಿ. ದ್ವೈತದ ಪ್ರಕಾರ ಸಾಕ್ಷಿ ಒಬ್ಬೊಬ್ಬ ಜೀವನಿಗೆ ಒಂದೊಂದು, ಒಬ್ಬನ ಸಾಕ್ಷಿ ಇನ್ನೊಬ್ಬನಿಗೆ ಕೆಲಸ ಮಾಡದು. ಯಂತ್ರವನ್ನೂ ಮೊನೆಯನ್ನೂ ಲಾಗ್ ಬುಕ್ಕನ್ನೂ ಹಂಚಿಕೊಳ್ಳಬಹುದು. ದೋಷವಿಲ್ಲವೆಂಬ ನಿಶ್ಚಯವನ್ನು ಹಂಚಿಕೊಳ್ಳುವ ದಾರಿಯಿಲ್ಲ. ಸ್ಯಾಂಪಲ್ ಒಪ್ಪಿಸಿ ಬಂದ ಸಂಶೋಧಕಿಗೆ ಆಪರೇಟರನ ನಿಶ್ಚಯ ಸಿಗುವುದು ಅವನ ಮಾತಿನ ಮೂಲಕ ಮಾತ್ರ, ಆ ಮಾತು ನಿರ್ದೋಷವೆಂದು ಅವಳ ಸಾಕ್ಷಿ ಒಪ್ಪಬೇಕಾದರೆ ಮೊನೆಯ ದೋಷಗಳು ಹೇಗಿರುತ್ತವೆಂಬುದು ಅವಳಿಗೂ ಗೊತ್ತಿರಬೇಕು, ಅಂದರೆ ಒಂದು ಬಾರಿಯಾದರೂ ಅವಳೇ ಆ ಕುರ್ಚಿಯಲ್ಲಿ ಕುಳಿತು, ತಿಳಿದ ಅಳತೆಯ ಜಾಲರಿಯನ್ನು ಸ್ಕ್ಯಾನ್ ಮಾಡಿ, ಕೆಟ್ಟ ಮೊನೆಯ ಚಿತ್ರವನ್ನು ಒಳ್ಳೆಯದರ ಪಕ್ಕದಲ್ಲಿಟ್ಟು ನೋಡಿರಬೇಕು. ನೈಯಾಯಿಕನಿಗೆ ಈ ಷರತ್ತು ಅತಿಯೆನಿಸಬಹುದು, ಏಕೆಂದರೆ ಅವನ ಮತದಲ್ಲಿ ಆಪ್ತನ ಗುಣ ಗೊತ್ತಿದ್ದರೆ ಸಾಕು, ಆಪ್ತನ ವಿದ್ಯೆ ಕೇಳುವವನಿಗೆ ಬರಬೇಕಿಲ್ಲ. ಆದರೆ ಆಪರೇಟರನು ಎಷ್ಟೇ ಪ್ರಾಮಾಣಿಕನಾದರೂ ತನ್ನ ಹಿಂದಿನ ಸ್ಲಾಟಿನವರ ಮೌನಕ್ಕೆ ಹೊಣೆಯಾಗಲಾರನಾದ್ದರಿಂದ, ಹಂಚಿಕೆಯ ಯಂತ್ರದ ಮಟ್ಟಿಗೆ ವ್ಯಾಸತೀರ್ಥರ ಪಕ್ಷವೇ ಹೆಚ್ಚು ಯುಕ್ತವೆನ್ನಬೇಕಾಗುತ್ತದೆ.